ದೊನ್ ದೊಕೊ ದೊನ್: ತೈಕೊ ಕಲಿಕೆಯ ಕುರಿತು ಒಂದು ತಕರಾರು

"ಇಪ್ಪತ್ತು ಜನರನ್ನು ಒಂದು ಹಾಲಿನಲ್ಲಿ ನಿಲ್ಲಿಸಿ, ಎರಡು ಗಂಟೆ ಡೋಲು ಬಡಿಸಿ ಕಳಿಸಿದರೆ ಅದು ವಿದ್ಯೆ ಹೇಗಾಗುತ್ತೆ?" ಎಂದರು ಚಿಕ್ಕಪ್ಪ.

ಅವರು ಮೈಸೂರಿನವರು. ಬ್ಯಾಂಕಿನ ಕೆಲಸದ ಜೊತೆಜೊತೆಗೇ ಮೃದಂಗ ನುಡಿಸಿಕೊಂಡು ಬಂದವರು, ಗುರುಗಳ ಎದುರು ಒಬ್ಬರೇ ಕೂತು ಪಾಠ ಹೇಳಿಸಿಕೊಂಡವರು. ಎದುರಿಗಿದ್ದವಳು ಅಣ್ಣನ ಮಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಈಕೆ ಊರಿನ ಜಪಾನ್‌ಟೌನ್ ಕಡೆ ನಡೆಯುವ, ತೈಕೊ ಎಂಬ ಜಪಾನಿ ಡೋಲಿನ ಕಾರ್ಯಾಗಾರಗಳಿಗೆ ಹೋಗತೊಡಗಿ ಕೆಲಕಾಲವಾಗಿತ್ತು. ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದ ಚಿಕ್ಕಪ್ಪ ಆ ಶನಿವಾರ ಇವಳ ಜೊತೆ ಹೋಗಿ, ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದ್ದರು. ತಕರಾರು ಕಾರಿನಲ್ಲಿ ಶುರುವಾಗಿ ಊಟದ ಮೇಜಿಗೆ ಬಂದಿತ್ತು.

"ಸಾವಿರ ವರ್ಷಕ್ಕಿಂತ ಹಳೆಯ ವಾದ್ಯ ಅಂತ ನಿಮ್ಮ ಮೇಷ್ಟ್ರೇ ಹೇಳಿದರಲ್ಲ. ಅಷ್ಟು ಹಳೆಯದನ್ನು ಕಲಿಯೋದಕ್ಕೆ ಒಂದು ಪರಂಪರೆ ಬೇಡವಾ?"

"ವಾದ್ಯ ಹಳೆಯದು ಚಿಕ್ಕಪ್ಪ. ಹೀಗೆ ಗುಂಪು ಕಟ್ಟಿಕೊಂಡು ನುಡಿಸೋದು ಹೊಸದು. ಹೆಚ್ಚುಕಮ್ಮಿ ನಿಮ್ಮ ವಯಸ್ಸು ಅದಕ್ಕೆ."

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಜಪಾನಿನ ದೇಗುಲಗಳಲ್ಲಿ, ನೋ ಮತ್ತು ಕಬುಕಿ ರಂಗಭೂಮಿಯಲ್ಲಿ, ಊರಹಬ್ಬಗಳಲ್ಲಿ ಡೋಲು ಶತಮಾನಗಳಿಂದ ಇದೆ. ಆದರೆ ಅಲ್ಲೆಲ್ಲ ಅದಕ್ಕೆ ಬೇರೆ ಏನಾದರೂ ಕೆಲಸವಿರುತ್ತಿತ್ತು: ಕುಣಿತಕ್ಕೆ ಹೆಜ್ಜೆ ಕೊಡುವುದು, ಪೂಜೆಯ ಹೊತ್ತು ತಿಳಿಸುವುದು, ನಟನ ಪ್ರವೇಶಕ್ಕೆ ಕಳೆ ಕಟ್ಟುವುದು. ಬೇರೆಬೇರೆ ಗಾತ್ರದ ಹಲವು ಡೋಲುಗಳನ್ನು ಸಾಲಾಗಿ ಜೋಡಿಸಿ, ಡೋಲನ್ನೇ ಮುಖ್ಯ ವಾದ್ಯವಾಗಿಸಿ ವೇದಿಕೆಗೆ ತಂದದ್ದು 1951ರಲ್ಲಿ. ತಂದವರು ನಾಗಾನೊ ಪ್ರಾಂತದ ದೈಹಾಚಿ ಓಗುಚಿ. ಅವರು ದೇಗುಲದ ವಾದ್ಯಗಾರರಲ್ಲ, ಜಾಝ್ ಡ್ರಮ್ಮರ್. ಸುವಾ ದೇಗುಲಕ್ಕೆ ಸಂಬಂಧಿಸಿದ ಹಳೆಯ ಡೋಲುಪಾಠದ ಹಾಳೆಯೊಂದು ಅವರ ಕೈಸೇರಿತು. ಅದನ್ನು ಬಿಡಿಸಿಕೊಂಡು ನುಡಿಸಹೊರಟಾಗ ಅವರ ಜಾಝ್ ಕಿವಿಗೆ ಒಂದೇ ಡೋಲಿನ ಒಂದೇ ನಾದ ಸಾಲದೆನಿಸಿತು. ಡ್ರಮ್ ಸೆಟ್ಟಿನಲ್ಲಿ ಒಬ್ಬನೇ ಕೂತು ಬಾರಿಸುವ ದಪ್ಪ, ತೆಳು, ಚುರುಕು ಸದ್ದುಗಳನ್ನು ಅವರು ಬೇರೆಬೇರೆ ಜನರಿಗೆ ಹಂಚಿಬಿಟ್ಟರು. ಹಾಗೆ ಹುಟ್ಟಿದ ತಂಡ ಓಸುವಾ ದೈಕೊ. ಈ ಮಾದರಿಗೆ ಕುಮಿ-ದೈಕೊ ಎಂದು ಹೆಸರಾಯಿತು. 1964ರ ಟೋಕಿಯೊ ಒಲಿಂಪಿಕ್ಸ್ ಸಂದರ್ಭದ ಕಲಾ ಉತ್ಸವದಲ್ಲಿ ಓಗುಚಿಯ ತಂಡ ನುಡಿಸಿತು, ದೇಶದ ಕಣ್ಣು ಅದರ ಮೇಲೆ ಬಿತ್ತು.

"ಅಂದರೆ ಒಬ್ಬ ನುಡಿಸುತ್ತಿದ್ದದ್ದನ್ನು ಹತ್ತು ಜನರಿಗೆ ಪಾಲು ಮಾಡಿಕೊಟ್ಟ."

"ಹೂಂ. ಆ ಪಾಲುಗಾರಿಕೆಯೇ ಈ ಕಲೆ. ಒಬ್ಬಳೇ ಮನೆಯಲ್ಲಿ ಕೂತು ಇದನ್ನು ಕಲಿಯೋಕ್ಕಾಗಲ್ಲ. ಗುಂಪು ಇದ್ದರಷ್ಟೇ ಪಾಠ. ನೀವು ಕಾರ್ಯಾಗಾರ ಅನ್ನೋದನ್ನು ಮುಖ್ಯ ಪಾಠದ ಅಗ್ಗದ ನಕಲು ಅಂದುಕೊಂಡಿದ್ದೀರಿ. ಈ ವಿದ್ಯೆ ಊರೂರಿಗೆ ಹಬ್ಬಿದ್ದೇ ಕಾರ್ಯಾಗಾರದಿಂದ."

ಚಿಕ್ಕಪ್ಪ ಒಪ್ಪಲಿಲ್ಲ. ಅಂದು ಕಂಡದ್ದನ್ನೇ ಒಂದೊಂದಾಗಿ ಮುಂದಿಟ್ಟರು. ಹಾಲಿನಲ್ಲಿ ಇದ್ದದ್ದು ಎಂಟು ದೊಡ್ಡ ಡೋಲು, ಬಂದವರು ಅದರ ಎರಡು ಪಟ್ಟಿಗೂ ಹೆಚ್ಚು. ಅರ್ಧ ಜನ ಬಾರಿಸುವಾಗ ಉಳಿದವರು ಹಿಂದೆ ನಿಂತು ಗಾಳಿಯಲ್ಲಿ ಕೋಲಾಡಿಸುತ್ತಿದ್ದರು. "ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ" ಎಂದು ಅವರು ನಕ್ಕರು.

"ನಗಬೇಡಿ. ಗಾಳಿಯಲ್ಲಿ ಬಾರಿಸೋದೇ ಕಷ್ಟ. ಚರ್ಮ ಇದ್ದರೆ ಅದೇ ಕೋಲನ್ನು ಮೇಲಕ್ಕೆ ಚಿಮ್ಮಿಸಿ ಕೊಡುತ್ತೆ. ಗಾಳಿಯಲ್ಲಿ ನಾನೇ ತಡೀಬೇಕು, ನಾನೇ ಎತ್ತಬೇಕು. ಮತ್ತೆ, ಹಿಂದೆ ನಿಂತಾಗ ಮುಂದಿನವರ ಮೊಣಕಾಲು, ಮೊಣಕೈ ಎಲ್ಲ ಕಾಣುತ್ತೆ. ಮೇಷ್ಟ್ರು ಅವರಿಗೆ ಹೇಳಿದ ತಿದ್ದುಪಡಿ ನನಗೂ ಸಿಗುತ್ತೆ."

"ಅದೇನೋ ಸರಿ. ನಿಮ್ಮ ಮೇಷ್ಟ್ರು ಲೆಕ್ಕಕ್ಕಿಂತ ಮೊಣಕಾಲನ್ನೇ ಜಾಸ್ತಿ ತಿದ್ದಿದರು. ಅದು ನನಗೆ ವಿಚಿತ್ರ ಅನ್ನಿಸಿತು."

ಹೊಸದಾಗಿ ಬಂದವರಿಗೆಲ್ಲ ಅದು ವಿಚಿತ್ರವೆನಿಸುತ್ತದೆ. ತೈಕೊ ಪಾಠದ ಮೊದಲ ಭಾಗದಲ್ಲಿ ಕೋಲು ಕೈಗೆ ಬರುವುದೇ ಇಲ್ಲ. ಮೈ ಸಡಿಲಿಸುವ ವ್ಯಾಯಾಮ, ಆಮೇಲೆ ನಿಲ್ಲುವ ಭಂಗಿ. ಎಡಗಾಲು ಮುಂದಿಟ್ಟು ಮಂಡಿ ಬಾಗಿಸಿ, ಬಲಗಾಲನ್ನು ಹಿಂದಕ್ಕೆ ಚಾಚಿ, ಸೊಂಟವನ್ನು ಕೆಳಗಿಳಿಸಿ ನಿಲ್ಲಬೇಕು. ಪೆಟ್ಟಿನ ಬಲ ತೋಳಿನಿಂದಲ್ಲ, ನೆಲದಿಂದ ಸೊಂಟದ ಮೂಲಕ ಏರಿ ಬರಬೇಕು ಎನ್ನುವುದು ಲೆಕ್ಕ. ತೋಳಬಲವನ್ನೇ ನಂಬಿದವರಿಗೆ ಅರ್ಧ ಗಂಟೆಯಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಬಾಚಿ ಎನ್ನುವ ಕೋಲು ಸುಮಾರು 40 ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಅದನ್ನು ಬಿಗಿಯಾಗಿ ಹಿಡಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ತೀರ ಸಡಿಲ ಬಿಟ್ಟರೆ ಕೋಲು ಪಕ್ಕದವರ ಕಡೆ ಹಾರುತ್ತದೆ. ತಲೆಯ ಮೇಲೆ ಎತ್ತಿದ ಕೋಲು ಬೀಳುತ್ತ ಬಂದು, ಚರ್ಮ ಮುಟ್ಟುವ ಕ್ಷಣದಲ್ಲಿ ಮಣಿಕಟ್ಟು ಚುರುಕಾಗಿ ತಿರುಗಬೇಕು.

ಡೋಲನ್ನು ಇಡುವ ರೀತಿ ಬದಲಾದರೆ ನಿಲ್ಲುವ ರೀತಿಯೂ ಬದಲಾಗುತ್ತದೆ. ಟೋಕಿಯೊದಲ್ಲಿ 1959ರಲ್ಲಿ ಹುಟ್ಟಿದ ಸುಕೆರೊಕು ತಂಡದವರು ಓಬೋನ್ ಹಬ್ಬದ ಡೋಲುಗಾರಿಕೆಯಿಂದ ಬಂದವರು. ಡೋಲನ್ನು ಓರೆಯಾದ ಪೀಠದ ಮೇಲಿಟ್ಟು, ನರ್ತಕರಂತೆ ತೋಳು ಬೀಸಿ ನುಡಿಸುವ ಶೈಲಿ ಅವರದು. ಮಿಯಾಕೆ ದ್ವೀಪದ ಶೈಲಿಯಲ್ಲಿ ಡೋಲು ಮೊಣಕಾಲಿಗಿಂತ ಕೆಳಗೆ ಅಡ್ಡಡ್ಡ ಮಲಗಿರುತ್ತದೆ, ನುಡಿಸುವವರು ಅಗಲವಾಗಿ ಕಾಲು ಚಾಚಿ ನೆಲಕ್ಕೆ ಬಗ್ಗಿ ಮೈಯನ್ನು ತೂಗುತ್ತ ಹೊಡೆಯುತ್ತಾರೆ. ಚಿಚಿಬು ಊರಿನ ರಥೋತ್ಸವದ ಡೋಲುಗಾರರು ಬಂಡಿಯೊಳಗೆ ಇಕ್ಕಟ್ಟಿನಲ್ಲಿ ನುಡಿಸಬೇಕಾಗುತ್ತದೆ. ಅದೇ ಪಾಠ ವೇದಿಕೆಗೆ ಬಂದಾಗ ಕಲಾವಿದರು ನೆಲದ ಮೇಲೆ ಕೂತು, ಡೋಲನ್ನು ಕಾಲುಗಳ ನಡುವೆ ಹಿಡಿದು, ಬೆನ್ನನ್ನು ಹಿಂದಕ್ಕೆ ವಾಲಿಸಿ ಹೊಟ್ಟೆಯ ಬಲದಲ್ಲಿ ಬಾರಿಸುತ್ತಾರೆ.

"ಲೆಕ್ಕ ಹೇಳು, ಲೆಕ್ಕ. ಮೈ ಬಗ್ಗಿಸೋದು ಆಮೇಲೆ" ಎಂದರು ಚಿಕ್ಕಪ್ಪ. "ನಾನು ಕೇಳಿಸಿಕೊಂಡಷ್ಟೂ ನಾಲ್ಕು, ನಾಲ್ಕು, ನಾಲ್ಕು. ಖಂಡ ಇಲ್ಲ, ಮಿಶ್ರ ಇಲ್ಲ."

"ಹೊಸಬರ ಪಾಠ ಹೆಚ್ಚಾಗಿ ನಾಲ್ಕರದ್ದೇ. ಆದರೆ ಬಾಯಲ್ಲಿ ಹೇಳಿಸಿದ್ದನ್ನು ಗಮನಿಸಿದಿರಾ?"

ಗಮನಿಸಿದ್ದರು. ಗಮನಿಸದೆ ಇರಲು ಅವರಿಗೆ ಸಾಧ್ಯವೂ ಇರಲಿಲ್ಲ. ಇಡೀ ಸಂಜೆಯಲ್ಲಿ ಅವರು ಕುರ್ಚಿಯ ತುದಿಗೆ ಸರಿದು ಕೂತದ್ದು ಆಗ ಮಾತ್ರ. ಹಾಲಿನಲ್ಲಿ ಯಾರ ಮುಂದೆಯೂ ಕಾಗದವಿರಲಿಲ್ಲ. ಮೇಷ್ಟ್ರು ಬಾಯಲ್ಲಿ ಹೇಳಿದರು, ಜನ ಬಾಯಲ್ಲೇ ಒಪ್ಪಿಸಿದರು, ಆಮೇಲೆ ಅದು ಕೈಗೆ ಇಳಿಯಿತು. ಕೂಚಿ ಶೋಗಾ ಎನ್ನುವ ಈ ಬಾಯಿಪಾಠದಲ್ಲಿ ನಡುಚರ್ಮದ ತುಂಬುಪೆಟ್ಟು ದೊನ್, ಅದೇ ಹೊತ್ತಿನಲ್ಲಿ ಎರಡು ಪೆಟ್ಟು ಬಿದ್ದರೆ ದೊಕೊ, ಮೆಲ್ಲಗೆ ತಾಗಿಸಿದರೆ ತ್ಸು, ಮರದ ಅಂಚಿಗೆ ಹೊಡೆದರೆ ಕಾ. ಬಿಗಿಯಾಗಿ ಎಳೆದು ಕಟ್ಟಿದ ಪುಟ್ಟ ಶಿಮೆ ಡೋಲಿನ ಪೆಟ್ಟುಗಳಿಗೆ ತೆನ್, ತೆಕೆ ಎಂಬ ತೆಳುವಾದ ಅಕ್ಷರಗಳು. ಪೆಟ್ಟು ಬೀಳದ ಜಾಗಕ್ಕೂ ಸು ಎಂಬ ಅಕ್ಷರವುಂಟು.

"ನಮ್ಮ ಸೊಲ್ಕಟ್ಟೇ ಬಿಡು ಅದು. ತ ದಿ ತೊಂ ನಂ. ಆದರೆ ಒಂದು ವ್ಯತ್ಯಾಸ ಕಂಡಿತು ನನಗೆ" ಎಂದರು ಚಿಕ್ಕಪ್ಪ. "ನಾವು ಸೊಲ್ಲು ಹೇಳಿದರೆ ಅದರಲ್ಲಿ ಯಾವ ಮುಖ, ಯಾವ ಬೆರಳು ಅನ್ನೋ ಸುಳಿವು ಇರುತ್ತೆ. ನಿಮ್ಮದರಲ್ಲಿ ಪೆಟ್ಟು ಎಷ್ಟು ಗಟ್ಟಿ, ಎಷ್ಟು ಉದ್ದ, ಚರ್ಮವೋ ಮರವೋ ಅಷ್ಟೇ ಇದೆ. ಯಾವ ಕೈ ಅನ್ನೋದು ಇಲ್ಲ."

"ಕೈ ಬಲ, ಎಡ, ಬಲ, ಎಡ. ಅದು ಮೊದಲೇ ಗೊತ್ತುಮಾಡಿದ್ದು."

"ಮತ್ತೆ ನಾವು ಕಾರ್ವೆಯನ್ನು ಒಳಗೊಳಗೇ ಎಣಿಸಿಕೊಳ್ತೀವಿ. ಇವರು ಖಾಲಿ ಜಾಗವನ್ನೂ ಬಾಯಿಬಿಟ್ಟು ಹೇಳ್ತಾರೆ. ಇದು ಒಳ್ಳೆಯ ಉಪಾಯ. ಹೊಸಬರು ಎಡವೋದೆಲ್ಲ ಖಾಲಿ ಜಾಗದಲ್ಲೇ."

ಇಷ್ಟು ಹೊತ್ತಿನಲ್ಲಿ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಇದು. ಅವಳು ಅದನ್ನು ಬಿಡದೆ ಹಿಡಿದುಕೊಂಡಳು. ಒಬ್ಬಳೇ ಕಲಿಯುವಾಗ ಖಾಲಿ ಜಾಗವನ್ನು ಸ್ವಲ್ಪ ಎಳೆದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಇಪ್ಪತ್ತು ಜನರ ನಡುವೆ ಅದು ನಡೆಯುವುದಿಲ್ಲ. ಎಲ್ಲರೂ ನಿಂತಾಗ ಒಂದು ದೊನ್ ಮಾತ್ರ ತಡವಾಗಿ ಬಿತ್ತೆಂದರೆ ಅದು ಯಾರದೆಂದು ಬಾರಿಸಿದವರಿಗೆ ಕೂಡಲೇ ಗೊತ್ತಾಗುತ್ತದೆ. ಒಂದು ಮೂಲೆಯಲ್ಲಿ ಶಿಮೆ ಹಿಡಿದವರು ತೆಕೆ ತೆಕೆ ಎಂದು ನಿಲ್ಲಿಸದೆ ಆಧಾರಲಯ ಕೊಡುತ್ತಿರುತ್ತಾರೆ. ತೈಕೊ ತಂಡಗಳಲ್ಲಿ ಅದನ್ನು ಜಿ ಎನ್ನುತ್ತಾರೆ. ಕಾರ್ಯಾಗಾರದಲ್ಲಿ ಈ ಜಿ ನುಡಿಸುವ ಕೆಲಸವೂ ಸರದಿಯ ಮೇಲೆ ಬರುತ್ತದೆ. ನೋಡುವವರಿಗೆ ಅತಿ ಸುಲಭ, ಕೂತವರಿಗೆ ಅತಿ ಕಷ್ಟ. ಮುಂದಿನ ಸಾಲಿನವರು ಹುರುಪಿನಲ್ಲಿ ಓಡುತ್ತಾರೆ, ಇವರು ಓಡುವ ಹಾಗಿಲ್ಲ.

"ಗುಂಪಿನಲ್ಲಿ ತಪ್ಪು ಗೊತ್ತಾಗುತ್ತೆ ಅಂತೀಯ. ತಪ್ಪು ಮುಚ್ಚಿಕೊಳ್ಳೋದಕ್ಕೂ ಗುಂಪಿಗಿಂತ ಒಳ್ಳೆ ಜಾಗ ಇಲ್ಲ. ನನ್ನ ಕಣ್ಣೆದುರೇ ಹಿಂದಿನ ಸಾಲಿನ ಒಬ್ಬ ಮಹಾರಾಯ ಕೋಲು ತಾಗಿಸದೇನೇ ಎರಡು ಆವರ್ತ ಮುಗಿಸಿದ."

"ಅದಕ್ಕೇ ಕೊನೆಯಲ್ಲಿ ಒಬ್ಬೊಬ್ಬರಿಗೂ ಎಂಟು ಅಕ್ಷರ ಬಿಟ್ಟುಕೊಡೋದು. ಉಳಿದವರು ಜಿ ನುಡಿಸ್ತಾರೆ, ಸೊರೆ ಅಂತ ಕೂಗಿ ಹುರಿದುಂಬಿಸ್ತಾರೆ, ನೀನು ಏನಾದರೂ ಬಾರಿಸಬೇಕು. ಆ ಮಹಾರಾಯನೂ ಬಾರಿಸಿದ."

"ಬಾರಿಸಿದ. ಆರೇ ಅಕ್ಷರ ಬಾರಿಸಿದ."

ಮಾತು ಸ್ಯಾನ್ ಹೊಸೆಗೆ ಹೊರಳಿತು. ಜಪಾನಿನ ಡೋಲು ಸಾಗರ ದಾಟಿ ಇಲ್ಲಿಗೆ ಬಂದದ್ದು ಹೇಗೆಂದು ಚಿಕ್ಕಪ್ಪ ಕೇಳಿದರು. ಬಂದ ದಾರಿ ಒಂದಲ್ಲ, ಮೂರು ಎಂದು ಅವಳು ವಿವರಿಸಿದಳು.

ಟೋಕಿಯೊದಿಂದ ಬಂದ ಸೇಯಿಚಿ ತನಾಕಾ ಎಂಬ ತರುಣ ಸ್ಯಾನ್ ಫ್ರಾನ್ಸಿಸ್ಕೊದ ಚೆರಿ ಹೂವಿನ ಹಬ್ಬಕ್ಕೆ ಹೋದರೆ ಅಲ್ಲಿ ಡೋಲಿನ ಸದ್ದೇ ಇರಲಿಲ್ಲ. 1968ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ತೈಕೊ ದೋಜೊ ತೆರೆದರು. ಓಗುಚಿಯವರ ಬಳಿ ಕಲಿತು, ಜಪಾನಿನ ಕಟ್ಟುನಿಟ್ಟಿನ ಶಿಸ್ತನ್ನು ಹಾಗೇ ಉಳಿಸಿಕೊಂಡ ಶಾಲೆ ಅದು. ಮುಂದಿನ ವರ್ಷ ಲಾಸ್ ಏಂಜಲಿಸ್‌ನ ಸೆನ್‌ಶಿನ್ ಬೌದ್ಧ ಮಂದಿರದಲ್ಲಿ ಬೇರೆಯೇ ಬಗೆಯ ತಂಡ ಹುಟ್ಟಿತು. ಓಬೋನ್ ಹಬ್ಬ ಮುಗಿದ ಮೇಲೆ ಅಲ್ಲಿನ ಕೆಲವರು ಡೋಲು ಬಾರಿಸುತ್ತ ಬಾರಿಸುತ್ತ ಹೊತ್ತು ಮರೆತರು. ಇದನ್ನು ಮುಂದುವರಿಸೋಣ ಎಂದುಕೊಂಡರು. ಗುರುವಿಲ್ಲ, ಶಾಲೆಯಿಲ್ಲ. ಕಿನ್ನರಾ ತೈಕೊ ಎಂದು ಹೆಸರಿಟ್ಟುಕೊಂಡರು. 1973ರಲ್ಲಿ ಸ್ಯಾನ್ ಹೊಸೆಯ ಬೌದ್ಧ ಮಂದಿರದ ಯುವಜನರು ಸ್ಯಾನ್ ಹೊಸೆ ತೈಕೊ ಕಟ್ಟಿದರು.

"ಕಿನ್ನರಾ? ನಮ್ಮ ಕಿನ್ನರರೇ?"

"ಅವರೇ. ಬೌದ್ಧರ ಕಥೆಗಳ ಜೊತೆ ಜಪಾನಿಗೆ ಹೋಗಿ, ಅಲ್ಲಿಂದ ಲಾಸ್ ಏಂಜಲಿಸ್‌ಗೆ ಬಂದರು."

ಆ ಯುವಜನರಿಗೆ ಡೋಲು ಏಕೆ ಬೇಕಾಯಿತು ಎನ್ನುವುದಕ್ಕೆ ಉತ್ತರ 1942ರಲ್ಲಿದೆ. ಪರ್ಲ್ ಹಾರ್ಬರ್ ದಾಳಿಯ ಬಳಿಕ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶದ ಮೇಲೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಯುದ್ಧ ಮುಗಿದು ಮರಳಿದವರು ತಲೆತಗ್ಗಿಸಿ, ಭಾಷೆ ಮರೆತು, ಸದ್ದಿಲ್ಲದೆ ಬದುಕುವುದನ್ನು ರೂಢಿಸಿಕೊಂಡರು. ಹಲವೆಡೆ ಜಪಾನ್‌ಟೌನ್‌ಗಳೇ ಅಳಿಸಿಹೋದವು. ಇವತ್ತು ಅಮೆರಿಕದಲ್ಲಿ ಉಳಿದಿರುವುದು ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್ ಮತ್ತು ಸ್ಯಾನ್ ಹೊಸೆಯ ಮೂರೇ. 1960ರ ದಶಕದ ಕೊನೆಗೆ ಮೂರನೇ ತಲೆಮಾರು ಕಾಲೇಜಿಗೆ ಬಂದಿತ್ತು. ಕರಿಯರ ಹಕ್ಕಿನ ಹೋರಾಟ, ವಿಯೆಟ್ನಾಂ ಯುದ್ಧ ವಿರೋಧ ಎಲ್ಲವನ್ನೂ ಅದು ಕಂಡಿತ್ತು. ಅಪ್ಪ ಅಮ್ಮ ಬಾಯಿಬಿಡದೆ ಬದುಕಿದ ಬೀದಿಗಳಲ್ಲೇ ಎದೆ ನಡುಗುವಂತೆ ಸದ್ದು ಮಾಡುವ ಅವಕಾಶವನ್ನು ಈ ವಾದ್ಯ ಅವರಿಗೆ ಕೊಟ್ಟಿತು.

"ಸರಿ. ಆದರೆ ಡೋಲು ಎಲ್ಲಿಂದ ತಂದರು? ಇಂದು ನೋಡಿದ್ದರಲ್ಲಿ ಎರಡು ಮೂರರ ಮೈ ಪಟ್ಟಿಪಟ್ಟಿಯಾಗಿತ್ತು."

"ಅವು ವೈನ್ ಪೀಪಾಯಿಗಳು, ಚಿಕ್ಕಪ್ಪ."

ಜಪಾನಿನ ನಾಗಾದೊ ಡೋಲನ್ನು ಒಂದೇ ಮರದ ದಿಮ್ಮಿಯಿಂದ ಕೊರೆಯುತ್ತಾರೆ. ಕೆಯಾಕಿ ಎಂಬ ಗಟ್ಟಿ ಮರ ಅದಕ್ಕೆ ಶ್ರೇಷ್ಠ. ಒಳಗನ್ನು ಒರಟಾಗಿ ತೋಡಿ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿ, ಆಮೇಲೆ ನಯಗೊಳಿಸಿ, ಹಸುವಿನ ಚರ್ಮ ಎಳೆದು ಮೊಳೆ ಹೊಡೆಯುತ್ತಾರೆ. ಇಶಿಕಾವಾದ ಅಸಾನೊ ಮನೆತನ ಈ ಕೆಲಸಕ್ಕೆ ಕೈಯಿಟ್ಟದ್ದು 1609ರಲ್ಲಿ. ಅಂಥ ಡೋಲು ಕೊಳ್ಳುವ ಶಕ್ತಿ ಮಂದಿರದ ಹುಡುಗರಿಗೆ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಧಾರಾಳವಾಗಿದ್ದದ್ದು ದ್ರಾಕ್ಷಿ ತೋಟ, ವೈನ್ ಕಾರ್ಖಾನೆ, ಬಳಸಿ ಬಿಸಾಡಿದ ಓಕ್ ಪೀಪಾಯಿ. ಕಿನ್ನರಾ ತಂಡದವರು ಅವುಗಳ ಹಲಗೆಗಳ ನಡುವೆ ಅಂಟು ಹಾಕಿ, ಉಜ್ಜಿ, ನೆನೆಸಿದ ಚರ್ಮ ಹೊದಿಸಿದರು. ಚರ್ಮವನ್ನು ಬಿಗಿಯಾಗಿ ಎಳೆಯಲು ಕಾರಿನ ಜಾಕ್ ಬಂತು. ಮಾಡುವ ಬಗೆಯನ್ನು ಅವರು ಗುಟ್ಟಾಗಿಡಲಿಲ್ಲ. ಕೇಳಿದ ತಂಡಗಳಿಗೆಲ್ಲ ಹೇಳಿಕೊಟ್ಟರು. ಉತ್ತರ ಅಮೆರಿಕದ ಬಹಳಷ್ಟು ತಂಡಗಳು ತಮ್ಮ ಡೋಲನ್ನು ತಾವೇ ಮಾಡಿಕೊಂಡು ಶುರುವಾದವು. ಎಷ್ಟೋ ಕಡೆ ಡೋಲು ಕಟ್ಟುವುದೇ ಮೊದಲ ಕಾರ್ಯಾಗಾರವಾಯಿತು.

"ಚರ್ಮ ಎಳೆಯೋ ಕೆಲಸ ಇವರೇ ಮಾಡಿದರು ಅಂದರೆ ಅದು ದೊಡ್ಡ ಸಂಗತಿ" ಎಂದು ಚಿಕ್ಕಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಮ್ಮಲ್ಲಿ ನುಡಿಸುವವರು ಆ ಕೆಲಸ ಮುಟ್ಟೋದಿಲ್ಲ. ಜಪಾನಿನಲ್ಲಿ ಹೇಗೆ?"

"ಅಲ್ಲೂ ಮುಟ್ಟುತ್ತಿರಲಿಲ್ಲ."

ಜಪಾನಿನಲ್ಲಿ ಸತ್ತ ದನದ ಚರ್ಮ ಹದ ಮಾಡುವ ಕೆಲಸ ಬುರಾಕು ಸಮುದಾಯದವರ ಪಾಲಿಗೆ ಬಂದಿತ್ತು. ಅವರನ್ನು ಊರಾಚೆ ಇಟ್ಟಿದ್ದರು. 1871ರ ಸರಕಾರಿ ಆಜ್ಞೆ ಕಾಗದದ ಮೇಲೆ ಭೇದವನ್ನು ಅಳಿಸಿತಾದರೂ ಮದುವೆ, ನೌಕರಿಗಳ ವಿಷಯದಲ್ಲಿ ಅದು ಇಪ್ಪತ್ತನೇ ಶತಮಾನದ ಉದ್ದಕ್ಕೂ ಮುಂದುವರಿಯಿತು. ಒಸಾಕಾದ ನಾನಿವಾ ಪ್ರದೇಶ ಅಂಥ ಡೋಲು ಕಟ್ಟುವವರ ಹಳೆಯ ಕೇರಿ. ಅಲ್ಲಿಂದ ದೇಶದ ಉದ್ದಗಲಕ್ಕೆ ಡೋಲು ಹೋಗುತ್ತಿತ್ತು, ಕೇರಿಯವರು ಮಾತ್ರ ನುಡಿಸುವವರ ಸಾಲಿನಲ್ಲಿ ಇರಲಿಲ್ಲ. 1987ರಲ್ಲಿ ಆ ಕೇರಿಯ ಯುವಕ ಯುವತಿಯರು ತಮ್ಮದೇ ತಂಡ ಕಟ್ಟಿ ಇಕಾರಿ ಎಂದು ಹೆಸರಿಟ್ಟರು. ಇಕಾರಿ ಎಂದರೆ ಸಿಟ್ಟು.

"ಟಿ.ಎಂ. ಕೃಷ್ಣ ಅವರ ಪುಸ್ತಕ ಓದಿದೆಯಾ? ಮೃದಂಗ ಮಾಡುವವರ ಬಗ್ಗೆ?"

"ಸೆಬಾಸ್ಟಿಯನ್ ಅಂಡ್ ಸನ್ಸ್. 2020ರಲ್ಲಿ ಬಂತಲ್ಲ, ಓದಿದ್ದೀನಿ. ಅದನ್ನು ಓದಿದ ಮೇಲೇ ಇಕಾರಿ ಬಗ್ಗೆ ಹುಡುಕಿದ್ದು."

"ವಿದ್ವಾಂಸರ ಮೃದಂಗಕ್ಕೆ ನಾದ ಕೂಡಿಸಿದವರು ಬಹುಪಾಲು ದಲಿತ ಕ್ರೈಸ್ತರು. ಇಷ್ಟು ವರ್ಷ ಕಛೇರಿಗೆ ಹೋಗಿದ್ದೀನಿ. ಆಹ್ವಾನ ಪತ್ರಿಕೆಯಲ್ಲಿ ಮೈಕಿನವರ ಹೆಸರು ಹಾಕಿದ್ದನ್ನು ನೋಡಿದ್ದೀನಿ, ಪೆಂಡಾಲಿನವರ ಹೆಸರು ನೋಡಿದ್ದೀನಿ. ಮೃದಂಗ ಮಾಡಿದವರ ಹೆಸರು ನೋಡಿಲ್ಲ."

"ಕಾರ್ಯಾಗಾರದಲ್ಲಿ ಪೀಪಾಯಿಗೆ ಚರ್ಮ ಎಳೆಯುವಾಗ ಈ ವಿಷಯ ತಾನಾಗಿ ಬರುತ್ತೆ. ಮೂಗಿಗೆ ವಾಸನೆ ಬಂದ ಮೇಲೆ ಅದನ್ನು ಯಾರು ಮಾಡ್ತಿದ್ದರು ಅಂತ ಯಾರಾದರೂ ಕೇಳೇ ಕೇಳ್ತಾರೆ."

ಇಲ್ಲಿಗೆ ಚಿಕ್ಕಪ್ಪ ಸೋತರು ಎನ್ನುವಂತಿಲ್ಲ. ಅವರ ಬತ್ತಳಿಕೆಯಲ್ಲಿ ಇನ್ನೂ ಗಟ್ಟಿ ಬಾಣವೊಂದಿತ್ತು: ಸಾದೊ ದ್ವೀಪ. ಜಪಾನಿನ ಆ ದ್ವೀಪದ ಕೊದೊ ತಂಡದ ಕಾರ್ಯಕ್ರಮವನ್ನು ಅವರು ಟಿವಿಯಲ್ಲಿ ನೋಡಿದ್ದರು. ಅರೆಬತ್ತಲೆ ಮೈಯ ಒಬ್ಬ ಕಲಾವಿದ ತನಗಿಂತ ಎತ್ತರದ ಡೋಲಿಗೆ ಮುಖಮಾಡಿ ನಿಂತು ನಿಲ್ಲಿಸದೆ ಬಾರಿಸಿದ್ದು ಅವರ ನೆನಪಿನಲ್ಲಿ ಉಳಿದಿತ್ತು.

"ಅವರು ಶನಿವಾರ ಶನಿವಾರ ಹೋಗಿ ಕಲಿತವರಾ?"

"ಖಂಡಿತ ಅಲ್ಲ."

ಅವಳು ಇದನ್ನು ಮುಚ್ಚಿಡಲು ನೋಡಲಿಲ್ಲ. ತಾಗಾಯಾಸು ದೆನ್ ಎಂಬಾತ 1969ರಲ್ಲಿ ಊರುಬಿಟ್ಟ ತರುಣರನ್ನು ಕಲೆಹಾಕಿ ಸಾದೊದಲ್ಲಿ ಓಂದೆಕೊಜಾ ಕಟ್ಟಿದಾಗ ಓಟವೂ ಪಾಠದ ಭಾಗವಾಗಿತ್ತು. ಡೋಲು ಹಿಡಿಯುವ ಮುಂಚೆ ಮೈಲಿಗಟ್ಟಲೆ ಓಡಬೇಕು. 1975ರಲ್ಲಿ ಅವರು ಬೋಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿಸಿದ ಕಡೆಯೇ ಡೋಲು ಬಾರಿಸಿ ಅಮೆರಿಕನ್ನರನ್ನು ಬೆಚ್ಚಿಬೀಳಿಸಿದರು. ದೆನ್ ಮತ್ತು ಕಲಾವಿದರ ನಡುವೆ ಒಡಕು ಬಂದು, ಉಳಿದವರು 1981ರಲ್ಲಿ ಕೊದೊ ಎಂಬ ಹೆಸರಿನಲ್ಲಿ ಬರ್ಲಿನ್‌ನಲ್ಲಿ ಮೊದಲ ಬಾರಿ ವೇದಿಕೆ ಏರಿದರು. ಕೊದೊ ಸೇರಬೇಕೆನ್ನುವವರು ಇವತ್ತಿಗೂ ಮೊದಲು ಎರಡು ವರ್ಷ ದ್ವೀಪದ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಒಟ್ಟಿಗೆ ಇರಬೇಕು. ಅಡುಗೆ, ಕಸ, ಓಟ, ಗದ್ದೆ ನಾಟಿ, ಡೋಲು ಎಲ್ಲವೂ ಅಲ್ಲೇ. ಎರಡು ವರ್ಷ ಮುಗಿಸಿದವರೆಲ್ಲ ತಂಡಕ್ಕೆ ಆಯ್ಕೆಯಾಗುತ್ತಾರೆಂಬ ಭರವಸೆಯೂ ಇಲ್ಲ.

"ನೋಡು, ಗುರುಕುಲ!" ಚಿಕ್ಕಪ್ಪ ಮೇಜು ತಟ್ಟಿದರು. "ನಾನು ಹೇಳಿದ್ದೂ ಅದನ್ನೇ."

"ಅದೇ ಕೊದೊದವರು ಅದೇ ದ್ವೀಪದಲ್ಲಿ 2007ರಲ್ಲಿ ಒಂದು ತೈಕೊ ಕೇಂದ್ರ ತೆರೆದು, ಪ್ರವಾಸಕ್ಕೆ ಬಂದವರಿಗೂ ಕೋಲು ಕೊಟ್ಟು ಬಾರಿಸೋದನ್ನು ಹೇಳಿಕೊಡ್ತಿದ್ದಾರೆ. 1988ರಿಂದ ನಡೆಸಿಕೊಂಡು ಬಂದಿರೋ ಉತ್ಸವದಲ್ಲೂ ಕಾರ್ಯಾಗಾರ ಇರುತ್ತೆ. ಅವರಿಗೆ ಎರಡೂ ಬೇಕು. ಬಾರಿಸಿ ನೋಡಿದವನು ಸಭೆಯಲ್ಲಿ ಕೂತಾಗ ಬೇರೆ ಥರ ಕೇಳ್ತಾನೆ. ನಮ್ಮ ಕಛೇರಿಗೆ ಬರೋರಲ್ಲಿ ಎಷ್ಟು ಜನ ಒಂದು ಸಲವಾದರೂ ಮೃದಂಗ ಮುಟ್ಟಿದ್ದಾರೆ ಹೇಳಿ?"

ಚಿಕ್ಕಪ್ಪ ಹೇಳಲಿಲ್ಲ. ಬದಲಿಗೆ ಅವರು ಎತ್ತಿದ ಪ್ರಶ್ನೆ ತೈಕೊ ತಂಡಗಳೇ ತಮ್ಮೊಳಗೆ ಜಗಳವಾಡಿದ ಪ್ರಶ್ನೆ. ಕಾರ್ಯಾಗಾರದಲ್ಲಿ ಕಲಿತ ಪಾಠ ಯಾರದು? ಕಲಿತವರು ಅದನ್ನು ಊರಿಗೆ ಹೋಗಿ ಹಬ್ಬದಲ್ಲಿ ನುಡಿಸಬಹುದೇ? ಟಿಕೆಟ್ ಇಟ್ಟು ನುಡಿಸಬಹುದೇ?

ಹಬ್ಬದ ಡೋಲುಪಾಠಗಳು ಆಯಾ ಊರಿನ ಸೊತ್ತು. ಮಿಯಾಕೆಯ ಪಾಠವನ್ನು ಮಿಯಾಕೆಯವರಿಂದಲೇ ಕಲಿಯಬೇಕು ಎನ್ನುವ ಮರ್ಯಾದೆಯನ್ನು ಇವತ್ತು ಬಹುತೇಕ ತಂಡಗಳು ಪಾಲಿಸುತ್ತವೆ. ರಚನಕಾರರಿರುವ ಹೊಸ ಕೃತಿಗಳಲ್ಲಿ ತೊಡಕು ಹೆಚ್ಚು. ಸುಕೆರೊಕು ಶೈಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಅಮೆರಿಕದ ತುಂಬ ಹರಡಿತ್ತು. 1990ರ ದಶಕದ ಕೊನೆಗೆ ಟೋಕಿಯೊದ ಓಯೆದೊ ಸುಕೆರೊಕು ತಂಡ, ತನ್ನ ಕೃತಿಗಳನ್ನೂ ಓರೆಪೀಠದ ಶೈಲಿಯನ್ನೂ ಅನುಮತಿಯಿಲ್ಲದೆ ಬಳಸಬಾರದೆಂದು ಅಮೆರಿಕದ ತಂಡಗಳಿಗೆ ತಿಳಿಸಿತು. ಎಷ್ಟೋ ತಂಡಗಳು ಅಷ್ಟರಲ್ಲಿ ಅವನ್ನು ಎಲ್ಲರ ಸೊತ್ತೆಂದು ಭಾವಿಸಿ ಕಾರ್ಯಾಗಾರಗಳಲ್ಲಿ ಕಲಿಸಿಯೂ ಆಗಿತ್ತು. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಗಳೂ ಇವೆ. ತೈಕೊ ಕಲಾವಿದ ಶೋಜಿ ಕಮೇಡಾ ತಮ್ಮ ಓಮಿಯಾಗೆ ಎಂಬ ಕೃತಿಯನ್ನು ಯಾರು ಬೇಕಾದರೂ ಕಲಿತು, ಬದಲಿಸಿ ನುಡಿಸಲೆಂದು ಬಿಟ್ಟುಕೊಟ್ಟರು. ಸ್ಯಾನ್ ಹೊಸೆ ತೈಕೊದ ಪಿ.ಜೆ. ಹಿರಾಬಯಾಶಿ ಅವರ ಏಯ್ ಜಾ ನೈ ಕಾ, ಗಣಿ, ಹೊಲ, ರೈಲುಹಳಿಗಳಲ್ಲಿ ದುಡಿದ ಮೊದಲ ತಲೆಮಾರಿನ ವಲಸಿಗರ ಚಲನೆಗಳನ್ನು ಕುಣಿತವಾಗಿಸಿದ ಕೃತಿ. ಅದನ್ನು ಎಲ್ಲರೂ ಸೇರಿ ಕುಣಿಯಲೆಂದೇ ಹಂಚಿದ್ದಾರೆ.

"ತ್ಯಾಗರಾಜರ ಕೀರ್ತನೆ ಯಾರು ಬೇಕಾದರೂ ಹಾಡಬಹುದು. ಆದರೆ ಪಾಠಾಂತರ ಯಾರದ್ದು ಅಂತ ವಿದ್ವಾಂಸರು ಕೇಳೇ ಕೇಳ್ತಾರೆ" ಎಂದರು ಚಿಕ್ಕಪ್ಪ. "ಎರಡು ಗಂಟೆಯ ಪಾಠಕ್ಕೆ ಪಾಠಾಂತರ ಇರುತ್ತಾ?"

"ಇರುತ್ತೆ. ಶುರುವಿನಲ್ಲೇ ಮೇಷ್ಟ್ರು ಇದು ಎಲ್ಲಿಯದು, ಯಾರ ರಚನೆ, ತಾನು ಯಾರಿಂದ ಕಲಿತೆ ಅಂತ ಹೇಳಿದರಲ್ಲ. ನೀವು ಆಗ ಚಪ್ಪಲಿ ಎಲ್ಲಿ ಬಿಡೋದು ಅಂತ ಹುಡುಕ್ತಿದ್ದಿರಿ."

ತಂಡಗಳ ನಡುವಿನ ಈ ಕೊಡುಕೊಳ್ಳುವಿಕೆಗೆ ವೇದಿಕೆಯಾಗಿ 1997ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲ ಉತ್ತರ ಅಮೆರಿಕ ತೈಕೊ ಸಮ್ಮೇಳನ ಸೇರಿತು. ಮುಂದಿನ ಸಮ್ಮೇಳನಗಳಲ್ಲೂ ಕಾರ್ಯಾಗಾರಗಳೇ ತಿರುಳು. ಬೇರೆಬೇರೆ ಊರಿನ ತಂಡದವರು ಒಬ್ಬರ ಡೋಲಿನ ಮುಂದೆ ಇನ್ನೊಬ್ಬರು ನಿಂತು ಕಲಿಯುತ್ತಾರೆ. ಇವತ್ತಿನ ಕಾರ್ಯಾಗಾರಕ್ಕೆ ಬಂದವರಲ್ಲಿ ಹೆಂಗಸರೇ ಜಾಸ್ತಿ ಇದ್ದರಲ್ಲ ಎಂಬ ಚಿಕ್ಕಪ್ಪನ ಮಾತಿಗೆ, ಉತ್ತರ ಅಮೆರಿಕದ ತಂಡಗಳಲ್ಲೆಲ್ಲ ಹಾಗೇ ಎಂದು ಅವಳು ಹೇಳಿದಳು. ಆದರೂ ದೊಡ್ಡ ವೇದಿಕೆಯ ಬೆಳಕು ಬಹುಕಾಲ ಗಂಡಸರ ಮೇಲೆಯೇ ಇತ್ತು. 2020ರ ಆರಂಭದಲ್ಲಿ ಮಿನೆಸೋಟಾದಲ್ಲಿ ಜಪಾನ್ ಮತ್ತು ಅಮೆರಿಕದ ಕಲಾವಿದೆಯರು ಸೇರಿ ತಾವಷ್ಟೇ ನುಡಿಸಿದ ಕಾರ್ಯಕ್ರಮವೊಂದರ ಸಿದ್ಧತೆಯನ್ನು ಫೈಂಡಿಂಗ್ ಹರ್ ಬೀಟ್ ಎಂಬ ಸಾಕ್ಷ್ಯಚಿತ್ರ ತೋರಿಸುತ್ತದೆ. ಕೋವಿಡ್ ಬಾಗಿಲು ಹಾಕಿಸುವ ಸ್ವಲ್ಪ ಮುಂಚೆ ಅದು ನಡೆದುಹೋಯಿತು.

ಅವಳು ಕಿವಿಯ ವಿಷಯವನ್ನೂ ಹೇಳದೆ ಬಿಡಲಿಲ್ಲ. ಚಿಕ್ಕಪ್ಪ ಇಡೀ ಹೊತ್ತು ಕಿವಿಗೆ ಏನೂ ಹಾಕಿಕೊಳ್ಳದೆ ಕೂತಿದ್ದರು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು, 100 ಡೆಸಿಬೆಲ್‌ಗೆ 15 ನಿಮಿಷವೇ ಮಿತಿ ಎನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಮುಚ್ಚಿದ ಹಾಲಿನಲ್ಲಿ ಎಂಟು ದೊಡ್ಡ ಡೋಲುಗಳಿಗೆ 100 ದಾಟುವುದು ಕಷ್ಟವಲ್ಲ. ಅದಕ್ಕೇ ಬಾಗಿಲಲ್ಲಿ ಫೋಮಿನ ಇಯರ್‌ಪ್ಲಗ್ ಡಬ್ಬಿ ಇಟ್ಟಿರುತ್ತಾರೆ.

"ಅದು ಪೆಪ್ಪರಮಿಂಟು ಅಂದುಕೊಂಡೆ" ಎಂದರು ಚಿಕ್ಕಪ್ಪ. ಆಮೇಲೆ ತಮ್ಮ ಎಡಗೈಯನ್ನು ಮೇಜಿನ ಮೇಲೆ ಚಾಚಿದರು. "ನನ್ನಂಥ ಎಡಚರ ಗತಿ ಏನು ಅಲ್ಲಿ? ನಾನು ಮೃದಂಗವನ್ನು ತಿರುಗಿಸಿ ಇಟ್ಟುಕೊಂಡೆ. ಗುರುಗಳು ಬೇಡ ಅನ್ನಲಿಲ್ಲ."

"ತೈಕೊದಲ್ಲಿ ಹೆಚ್ಚಿನ ತಂಡಗಳು ಎಡಚರಿಗೂ ಬಲಗೈಯಿಂದಲೇ ಶುರುಮಾಡಿಸ್ತವೆ. ಎಲ್ಲರ ತೋಳು ಒಂದೇ ಸಲ, ಒಂದೇ ಕಡೆ ಏಳಬೇಕಲ್ಲ. ಕಣ್ಣಿಗೂ ಅದು ಒಂದೇ ಪೆಟ್ಟಾಗಿ ಕಾಣಬೇಕು."

"ಹಾಗಿದ್ದರೆ ನಿನ್ನ ಗುಂಪು ನನ್ನಿಂದ ಒಂದು ಕೈಯನ್ನೇ ಕಿತ್ತುಕೊಳ್ತು. ಒಬ್ಬ ಗುರು ಶಿಷ್ಯನನ್ನು ನೋಡಿ ಪಾಠ ಬದಲಿಸ್ತಾನೆ. ಗುಂಪು ಬದಲಿಸೋದಿಲ್ಲ. ಇದಕ್ಕೇನು ಹೇಳ್ತೀಯ?"

ಅವಳು ಸ್ವಲ್ಪ ಯೋಚಿಸಿದಳು. "ಕಿತ್ತುಕೊಳ್ಳುತ್ತೆ, ನಿಜ. ಎಡಗೈಗೆ ಬಲಗೈಯಷ್ಟೇ ಕೆಲಸ ಕೊಡೋದರಿಂದ ಎಡಚರು ಬೇಗ ಹೊಂದಿಕೊಳ್ತಾರೆ ಅಂತಲೂ ಹೇಳ್ತಾರೆ. ಆದರೆ ನಿಮ್ಮ ಎಂಟು ಅಕ್ಷರದಲ್ಲಿ ಯಾವ ಕೈಯಿಂದ ಬೇಕಾದರೂ ಬಾರಿಸಿ, ಯಾರೂ ಕೇಳಲ್ಲ."

"ಎಂಟೇ ಅಕ್ಷರದ ಸ್ವಾತಂತ್ರ್ಯ! ನಮ್ಮ ತನಿ ಆವರ್ತನ ಗೊತ್ತಾ? ಹದಿನೈದು ನಿಮಿಷ, ಇಪ್ಪತ್ತು ನಿಮಿಷ, ಕೇಳುವವರಿದ್ದರೆ ಇನ್ನೂ ಜಾಸ್ತಿ."

"ಆ ಇಪ್ಪತ್ತು ನಿಮಿಷದಲ್ಲಿ ಸಭೆಯಿಂದ ಎದ್ದು ಕಾಫಿಗೆ ಹೋಗೋರು ಎಷ್ಟು ಜನ, ಚಿಕ್ಕಪ್ಪ?"

"ಅದಕ್ಕೆ ಹೊಣೆ ಮೃದಂಗದವನಲ್ಲ" ಎಂದರು ಅವರು, "ಕ್ಯಾಂಟೀನಿನವನು."